ಗೊಂಬೆ ಹಬ್ಬದಲ್ಲೊಂದು ಇಂಪಿಡೆನ್ಸು

"ಈ ಸಲ ನಿನ್ನ ಗೊಂಬೆಗಳಿಗೆ ನಾನು ಸೂರ್ಯಾಸ್ತ ಮಾಡಿಸ್ತೀನಿ ನೋಡ್ತಿರು!" ಅಂತ ರಾಮಪ್ರಸಾದ ಮೇಷ್ಟ್ರು ಕಾಫಿ ಲೋಟ ಕುಕ್ಕಿ ಘೋಷಿಸಿದರು.

ಹೆಂಡತಿ ವಿಮಲಾ ಪಟ್ಟದ ಗೊಂಬೆಗೆ ಸೀರೆ ಉಡಿಸ್ತಿದ್ದರು. ತಲೆ ಎತ್ತಲಿಲ್ಲ. "ಮೊದಲು ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿಸಿಕೊಡಿ. ಸೂರ್ಯ ತಾನಾಗೇ ಮುಳುಗ್ತಾನೆ."

ಮೇಷ್ಟ್ರ ಸಂಕಟ ಯಾರಿಗೆ ಗೊತ್ತು! ದಸರಾ ಬಂತೆಂದರೆ ಜಯನಗರದ ಈ ಮನೆಗೆ ಹೊಸಕೆರೆಹಳ್ಳಿಯಿಂದಲೂ ಜನ ಬರ್ತಾರೆ. ಹೊಗಳಿಕೆಯೆಲ್ಲ ವಿಮಲಾಗೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದ ಮಹಾನುಭಾವರಿಗೆ ಬಾಗಿಲಲ್ಲಿ ಚಪ್ಪಲಿ ಕಾಯೋ ಹುದ್ದೆ! ಈ ಸಲ ಒಂದೇ ಒಂದು 'ಭೇಷ್' ಸಿಗಲೇಬೇಕು. ಅದೂ ಜೆಪಿ ನಗರದ ಮೀನಾಕ್ಷಮ್ಮನ ಬಾಯಿಂದ. ಆಯಮ್ಮ ಅಷ್ಟು ಸುಲಭಕ್ಕೆ ಯಾರನ್ನೂ ಹೊಗಳೋರಲ್ಲ.

"ಬೆಳಕು ಕಮ್ಮಿ ಮಾಡೋದಕ್ಕೆ ಅಂಗಡೀಲಿ ಡಿಮ್ಮರ್ ಸಿಗುತ್ತಲ್ಲ ರೀ?"

"ಡಿಮ್ಮರ್ ಯಾರ ಮನೇಲಿಲ್ಲ? ಇದು ಫಿಸಿಕ್ಸು! ಕೇಳು. ಕರೆಂಟನ್ನ ತಡೆಯೋಕೆ ಎರಡು ದಾರಿ. ಒಂದು ರೆಸಿಸ್ಟೆನ್ಸು. ಅದು ಕರೆಂಟಿನ ಜೊತೆ ಗುದ್ದಾಡಿ ಗುದ್ದಾಡಿ ತಾನೇ ಬಿಸಿಯಾಗುತ್ತೆ, ನಿನ್ನ ಇಸ್ತ್ರಿಪೆಟ್ಟಿಗೆ ಥರ. ಇನ್ನೊಂದು ರಿಯಾಕ್ಟೆನ್ಸು. ಸುರುಳಿ ಸುತ್ತಿದ ತಂತಿ, ಕಾಯಿಲು, ಅದು ಜಗಳ ಆಡಲ್ಲ. ಎಸಿ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡ್ತಿರುತ್ತಲ್ಲ, ಪ್ರತಿ ಸಲ 'ತಾಳಪ್ಪಾ' ಅಂತ ತಡ ಮಾಡಿಸುತ್ತೆ ಅಷ್ಟೆ. ಶಕ್ತಿ ಇಸ್ಕೊಳ್ಳುತ್ತೆ, ವಾಪಸ್ ಕೊಡುತ್ತೆ. ಒಳಗೆ ಕಬ್ಬಿಣ ತೂರಿಸಿದ್ರೆ ತಡೆ ಜಾಸ್ತಿಯಾಗಿ ಬಲ್ಬು ಮಂಕಾಗುತ್ತೆ. ಬಿಸಿಯಾಗೋ ಮಾತೇ ಇಲ್ಲ!"

ವಿಮಲಾ ಸೆರಗಿನ ನೆರಿಗೆ ಹಿಡಿದುಕೊಂಡೇ ಯೋಚಿಸಿದರು. "ಅಂದ್ರೆ, ಕೆಲಸ ಹೇಳಿದ್ರೆ ನಮ್ಮ ಮೊಮ್ಮಗ ಸುಶ್ರುತ 'ಆಗಲ್ಲ' ಅಂತ ಕಿರುಚಾಡ್ತಾನಲ್ಲ, ಅದು ರೆಸಿಸ್ಟೆನ್ಸು. ನೀವು 'ಆಯ್ತು ಆಯ್ತು' ಅಂತ ಸಂಜೆವರೆಗೂ ಎಳೀತೀರಲ್ಲ, ಅದು ರಿಯಾಕ್ಟೆನ್ಸು. ಎರಡೂ ಸೇರಿದ್ರೆ ಏನಂತಾರೆ?"

"ಇಂಪಿಡೆನ್ಸು! ಆದ್ರೆ ಸುಮ್ನೆ ಕೂಡಿಸೋ ಹಾಗಿಲ್ಲ. ಒಂದಕ್ಕೊಂದು ಅಡ್ಡಡ್ಡ ನಿಂತಿರುತ್ತೆ."

"ಹೌದಾ? ನಾನು ಇಷ್ಟು ದಿನ ಅದನ್ನ ಸಂಸಾರ ಅಂತಿದ್ದೆ."

ಮೇಷ್ಟ್ರ ಎದೆ ಉಬ್ಬಿತು! ವರ್ಷವಿಡೀ ಕೊರೆದರೂ ಹುಡುಗರ ತಲೆಗೆ ಹೋಗದ್ದು ಹೆಂಡತಿಗೆ ಸೀರೆ ಉಡಿಸ್ತಾ ಉಡಿಸ್ತಾ ಅರ್ಥವಾಗಿಬಿಟ್ಟಿತ್ತು. ಅದೇ ಹುರುಪಿನಲ್ಲಿ ಪ್ಲಾಸ್ಟಿಕ್ ಪೈಪಿಗೆ ತಾಮ್ರದ ತಂತಿ ಸುತ್ತಿದ್ದೇ ಸುತ್ತಿದ್ದು. ತೂರಿಸೋದಕ್ಕೆ ಕಬ್ಬಿಣ? ಅಡುಗೆಮನೆಯ ಕುಟ್ಟಾಣಿಯ ಹಾರೆ! ಅದನ್ನು ತಿಕ್ಕಿ ತೊಳೆದು ಗೊಂಬೆ ಮೆಟ್ಟಿಲ ಹಿಂದೆ ತಮ್ಮ ಪ್ರಯೋಗಶಾಲೆ ಸ್ಥಾಪಿಸಿದರು. ಅಡುಗೆಮನೆ ಕಟ್ಟೆ ತುಂಬಾ ಉಸ್ಲಿ ಪಾತ್ರೆಗಳಿದ್ದರಿಂದ ವಿಮಲಾ ಮಜ್ಜಿಗೆ ಪಾತ್ರೆಯನ್ನೂ ಆ ಮೆಟ್ಟಿಲ ಹಿಂದಿನ ಮೂಲೆಯಲ್ಲೇ ಇಟ್ಟಿದ್ದರು.

ಸಂಜೆ ಹಾಲ್ ತುಂಬಿತು. ಮೇಷ್ಟ್ರು ಟ್ಯೂಬ್‌ಲೈಟ್ ಆರಿಸಿ, ಮೆಟ್ಟಿಲ ಹಿಂದೆ ನಿಂತು ಹಾರೆಯನ್ನು ನಿಧಾನಕ್ಕೆ ಕಾಯಿಲಿನೊಳಗೆ ಇಳಿಸಿದರು. ಗೊಂಬೆಗಳ ಮೇಲಿನ ಬಲ್ಬು ಕೆಂಪಗಾಗುತ್ತಾ ಬಂತು. ಅಂಬಾರಿ, ಆನೆ, ದಿವಾನರು, ಎಲ್ಲರ ಮೇಲೂ ಮುಸ್ಸಂಜೆ!

"ಅಯ್ಯೋ, ಎಷ್ಟು ಚೆನ್ನಾಗಿದೆ ವಿಮಲಾ!" ಅಂದರು ಮೀನಾಕ್ಷಮ್ಮ.

ವಿಮಲಾ! ಮತ್ತೆ ವಿಮಲಾ! ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಹಾರೆ ಅಲ್ಲೇ ಬಿಟ್ಟು ಮುಂದೆ ಬಂದು ಪಾಠ ಶುರು ಹಚ್ಚಿಕೊಂಡರು. "ಇದು ರಿಯಾಕ್ಟೆನ್ಸು ಮೇಡಂ, ಒಂಚೂರೂ ಬಿಸಿಯಾಗಲ್ಲ!" ಕಾಯಿಲು ಹಿಂದೆ 'ಗುಂಯ್' ಅಂತಿತ್ತು. ಮೀನಾಕ್ಷಮ್ಮ ಕಿವಿಗೊಟ್ಟು ಕೇಳಿ, "ಓ, ಶ್ರುತಿನೂ ಹಾಕಿದ್ದೀರಾ!" ಅಂತ ಅದೇ ಗುಂಯ್‌ಗೆ ಸ್ವರ ಸೇರಿಸಿ ದೇವಿ ಮೇಲೆ ಹಾಡಲು ಕೂತರು. ಮೇಷ್ಟ್ರು ಪಾಠ ನುಂಗಿಕೊಂಡರು.

ಮೂರನೇ ಚರಣದ ಹೊತ್ತಿಗೆ ಏನೋ ಕಮರು ವಾಸನೆ. ಆಗ ಮೇಷ್ಟ್ರಿಗೆ ಜ್ಞಾನೋದಯ! ಗಟ್ಟಿ ಕಬ್ಬಿಣ ಇಟ್ಟರೆ ಅದರೊಳಗೇ ಕರೆಂಟು ಸುಳಿ ಸುತ್ತಿ ಕಾಯುತ್ತೆ, ಅದಕ್ಕೇ ಟ್ರಾನ್ಸ್‌ಫಾರ್ಮರಿಗೆ ತೆಳು ತಗಡು ಜೋಡಿಸೋದು. ಪ್ರತಿ ಪರೀಕ್ಷೆಯಲ್ಲೂ ಅವರೇ ಕೇಳ್ತಿದ್ದ ಪ್ರಶ್ನೆ! ಹಿಂದಕ್ಕೆ ಓಡಿ ಪ್ಲಗ್ ಕಿತ್ತು ಹಾರೆ ಎಳೆದರು.

"ಅಯ್ಯಪ್ಪಾ!"

ಹಾರೆ ಕೈಬಿಟ್ಟು ಮಜ್ಜಿಗೆ ಪಾತ್ರೆಯೊಳಗೆ ಬಿತ್ತು. 'ಚುಂಯ್ಯ್ಯ್!'

ಹಾಡು ನಿಂತಿತು. ಯಾರೋ ಟ್ಯೂಬ್‌ಲೈಟ್ ಹಾಕಿದರು. ಸೆರಗಲ್ಲಿ ಬೆವರು ಒರೆಸಿಕೊಳ್ತಾ ಬಂದ ವಿಮಲಾ ಮಜ್ಜಿಗೆ ಪಾತ್ರೆ ಎತ್ತಿಕೊಂಡು ಹೋಗೋಷ್ಟರಲ್ಲಿ ಮೇಷ್ಟ್ರು ಹಾರೆಯನ್ನೇನೋ ಎತ್ತಿ ಪಂಚೆಯಲ್ಲಿ ಮುಚ್ಚಿಕೊಂಡಿದ್ದರು. ಹಾರೆ ಮಜ್ಜಿಗೇಲಿ ಮುಳುಗಿದ್ದನ್ನ ಮಾತ್ರ ಬಾಯಿ ಬಿಡಲಿಲ್ಲ.

ವಿಮಲಾ ಎಲ್ಲರಿಗೂ ಮಜ್ಜಿಗೆ ಹಂಚಿದರು. ಮೀನಾಕ್ಷಮ್ಮ ಒಂದು ಲೋಟ ಕುಡಿದರು. ಇನ್ನೊಂದು ಲೋಟ ಕೇಳಿದರು. "ಭೇಷ್! ಇಂಥ ಒಗ್ಗರಣೆ ನಾನು ಎಲ್ಲೂ ಕಂಡಿಲ್ಲ ಕಣಮ್ಮ. ಯಾರದು ಕೈ?"

ಎಂಥ ಗಳಿಗೆ! ಅಪ್ಪಟ 'ಭೇಷ್', ಅದೂ ಮೀನಾಕ್ಷಮ್ಮನದು. 'ನಂದೇ' ಅನ್ನೋದಕ್ಕೆ ಮೇಷ್ಟ್ರಿಗೆ ಬಾಯಿಲ್ಲ. ಮೀನಾಕ್ಷಮ್ಮ ಅವರ ಕಡೆ ತಿರುಗಿ, "ಆಗ ಏನೋ ಹೇಳ್ತಿದ್ರಲ್ಲ ಮೇಷ್ಟ್ರೇ, ಏನದು?" ಅಂದರು.

"ಏನಿಲ್ಲ ಮೇಡಂ," ಅಂದರು ಮೇಷ್ಟ್ರು.

ಎಲ್ಲರೂ ಹೋದ ಮೇಲೆ ವಿಮಲಾ ತುಪ್ಪದ ಗಿಂಡಿ ತಂದು ಗಂಡನ ಎದುರು ಕೂತರು. "ಕೈ ಕೊಡಿ. ನಾನು ಮಜ್ಜಿಗೆಗೆ ಒಗ್ಗರಣೆ ಹಾಕೋದನ್ನೇ ಮರೆತಿದ್ದೆ." ಬೊಬ್ಬೆ ಎದ್ದ ಬೆರಳಿಗೆ ತುಪ್ಪ ಸವರುತ್ತಾ ನಗು ತಡೆದುಕೊಂಡರು. "ಒಂಚೂರೂ ಬಿಸಿಯಾಗಲ್ಲ, ಅಲ್ವಾ?"

ಮೇಷ್ಟ್ರು ಇನ್ನೊಂದು ಬೆರಳನ್ನೂ ಚಾಚಿದರು.

"ಹೋಗ್ಲಿ ಬಿಡಿ. ಮೀನಾಕ್ಷಮ್ಮ ನಾಳೆ ಅವರ ಸೊಸೇನ ಕಳಿಸ್ತಾರಂತೆ, ಆ ಒಗ್ಗರಣೆ ಕಲಿಯೋಕೆ. ಪಾಠ ನೀವೇ ಮಾಡಿ!"