ಹುಳಿಹಿಟ್ಟಿನ ಮೊಪೆಡ್

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ವರ್ತಕ ನಗರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ತಲೆ ಸರಿಯಾಗಿಯೇ ಇದೆ. ಅದು ಓಡಲು ಶುರುಮಾಡಿದಾಗ ಹತ್ತಿರ ಇದ್ದವರ ಗತಿ ಮಾತ್ರ ಕೆಡುತ್ತದೆ. ಹತ್ತಿರ ಇರುವವನು ಯಾವಾಗಲೂ ನಾನೇ!

ಮಾವನದು ಸಣ್ಣ ಉಡುಪಿ ಹೋಟೆಲು. ಮನೆಯಿರುವ ಸೊಸೈಟಿಯ ಪಾರ್ಕಿಂಗಿನಲ್ಲಿ ಅವರದೊಂದು ಹಳೇ ಮೊಪೆಡ್. ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಇಡೀ ಠಾಣೆ ಊರು ಸುತ್ತಿದ ಗಾಡಿ. ಈಗ ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದು ಜರಡಿಯಾಗಿದೆ. ಒಂದು ದಿನ ಸೊಸೈಟಿಯ ಸೆಕ್ರೆಟರಿ ಬಂದು, "ಅಣ್ಣಾ, ಚಲತಿ ಹೈ ತೋ ರಖೋ. ನಹೀಂ ತೋ ದಿವಾಲಿ ಕೇ ಪೆಹಲೇ ಭಂಗಾರ್‌ವಾಲಾ ಲೇ ಜಾಯೇಗಾ" ಎಂದರು. ಓಡಿದರೆ ಇರಲಿ, ಇಲ್ಲವಾದರೆ ದೀಪಾವಳಿಯೊಳಗೆ ಗುಜರಿಯವನ ಪಾಲು. ಮಾವನಿಗೆ ಊಟ ಸೇರದಾಯಿತು.

"ಕೊಟ್ಟುಬಿಡಿ, ಪೀಡೆ ಹೋಗ್ಲಿ" ಎಂದರು ಅತ್ತೆ.

"ಹೊಸ ಟ್ಯಾಂಕು ಎಲ್ಲೂ ಸಿಗುವುದಿಲ್ಲವಂತೆ ಮಾವ" ಎಂದೆ ನಾನು.

"ಟ್ಯಾಂಕೇ ಬೇಡ ಮಾರಾಯ. ಗ್ಯಾಸಲ್ಲಿ ಓಡಿಸುವ. ಹೋಟೆಲಲ್ಲಿ ಉಳಿದದ್ದು ಎಷ್ಟು ಹಾಳಾಗ್ತದೆ ನೋಡು, ಅದರಿಂದಲೇ ಗೋಬರ್ ಗ್ಯಾಸು ಮಾಡುವ. ಹೇಗೂ ನೀನು ಇಂಜಿನಿಯರ್ ಇದ್ದಿ."

ಇದ್ದೇನೆ, ಸುಳ್ಳಲ್ಲ. ಮಹಾಪೆಯ ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಕೋಷ್ಟಕ ತುಂಬಿಸುವ ಮೆಕ್ಯಾನಿಕಲ್ ಇಂಜಿನಿಯರ್. ಸ್ಪ್ಯಾನರ್ ಮುಟ್ಟಿದ್ದು ಕಾಲೇಜಿನಲ್ಲಿ, ಅದೂ ಗೆಳೆಯನಿಗೆ ದಾಟಿಸಲು.

ಹೋಟೆಲಿನ ಹಿಂದೆ ನೀಲಿ ಡ್ರಮ್ಮು ನಿಂತಿತು. ಎಮ್ಮೆ ಕಟ್ಟುವ ತಬೇಲಾದಿಂದ ಸಗಣಿ ಬಂತು. ಅದರ ಮೇಲೆ ಮಾವ ದಿನವೂ ಉಳಿದ ಇಡ್ಲಿಹಿಟ್ಟನ್ನು ಸುರಿದರು. ಚೆನ್ನಾಗಿ ಹುಳಿ ಬಂದರೆ ಇಡ್ಲಿ ಉಬ್ಬುತ್ತದಲ್ಲ, ಇದೂ ಹಾಗೆಯೇ ಎಂಬುದು ಹೋಟೆಲಿನವರ ಲೆಕ್ಕಾಚಾರ. ಇಂಜಿನಿಯರ್ ಆದ ನಾನು ಏನು ಮಾಡಿದೆ? ಹೌದೆಂದು ತಲೆಯಾಡಿಸಿದೆ. ಹುಳಿ ಹೆಚ್ಚಾಗಿ ಡ್ರಮ್ಮು ಮುನಿಸಿಕೊಂಡು ಕೂತಿತು. ಗ್ಯಾಸು ಬರಲಿಲ್ಲ, ವಾಸನೆ ಮಾತ್ರ ಬಂತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಪಕ್ಕದ ವಡಾಪಾವಿನ ಗಾಡಿಗೆ ಹೋದರು.

ಹಬ್ಬ ಹತ್ತಿರ ಬಂದಾಗ ಡ್ರಮ್ಮಿನಲ್ಲಿ ಇದ್ದಕ್ಕಿದ್ದಂತೆ ಗ್ಯಾಸು ಏಳತೊಡಗಿತು. ನನ್ನ ಸಲಹೆಯ ಫಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಬಂದೆ. ಮಾರನೇ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಡ್ರಮ್ಮಿಗೆ ಅಡುಗೆಸೋಡ ಹಾಕುತ್ತಿದ್ದಾರೆ.

"ಹಿಟ್ಟು ಹುಳಿ ಹೆಚ್ಚಾದ್ರೆ ಸೋಡ ಹಾಕುದಲ್ವಾ? ಅವರಿಗೆ ಹೇಳ್ಬೇಡ. ಅವರೇ ಮಾಡಿದ್ದು ಅಂತ ಇರ್ಲಿ" ಎಂದರು.

ಗ್ಯಾಸನ್ನು ಲಾರಿಯ ಟ್ಯೂಬಿಗೆ ತುಂಬಿಸಿ, ಮೊಪೆಡ್ಡಿನ ಹಿಂದೆ ಕಟ್ಟಿ, ಇಂಜಿನ್ನಿಗೆ ಪೈಪು ಕೊಟ್ಟೆವು. ಆದರೆ ಗ್ಯಾಸು ಮುಂದೆ ಹೋಗಲು ಟ್ಯೂಬನ್ನು ಯಾರಾದರೂ ಒತ್ತಬೇಕು. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಕೂತ್ಕೊ. ನಿನ್ನ ತೂಕ ಬರೋಬ್ಬರಿ ಆಗ್ತದೆ."

ಈ ಯೋಜನೆಯಲ್ಲಿ ನನ್ನ ವಿದ್ಯೆ ಬೇಡವಾಗಿ ಹೊಟ್ಟೆ ಬೇಕಾಯಿತು. ಕೂತೆ. ಗಾಡಿ ಓಡಿತು. ಅದು ಓಡಿದಷ್ಟೂ ಟ್ಯೂಬು ಬತ್ತಿ ನಾನು ಕೆಳಕ್ಕೆ ಕುಸಿದೆ. ಮಕ್ಕಳು ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದವು.

ಭಂಗಾರ್‌ವಾಲಾನನ್ನು ಕರೆದುಕೊಂಡು ಸೆಕ್ರೆಟರಿ ಬಂದ ದಿನ ನಾನು ಟ್ಯೂಬಿನ ಮೇಲೆ ಸಿದ್ಧನಾಗಿ ಕೂತಿದ್ದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಇಳಿ ನೀನು. ಅಲ್ಲಿ ಕೂರುವವಳು ನಾನು."

ಇಳಿದೆ. ಮೊಪೆಡ್ ಫಟಫಟ ಎನ್ನುತ್ತಾ ನೀರಿನ ಟಾಕಿಯವರೆಗೆ ಹೋಯಿತು. ಅತ್ತೆಯ ತೂಕ ಎಷ್ಟು ಮಹಾ! ಗ್ಯಾಸು ಸಾಲದೆ ಸದ್ದು ನಿಂತೇ ಹೋಯಿತು. ಮಾವ ಹಿಂದೆ ತಿರುಗಿ ನೋಡಲಿಲ್ಲ. ಕಾಲುಗಳು ಪೆಡಲಿಗೆ ಹೋದವು. ಬೆನ್ನು ಬಾಗಿಸಿ ತುಳಿಯತೊಡಗಿದರು.

"ಇಂಜಿನ್ ಬಂದ್ ಪಡಾ ಕ್ಯಾ?" ಸೆಕ್ರೆಟರಿ ನನ್ನನ್ನು ಕೇಳಿದರು.

"ನಹೀಂ ಸಾಬ್. ಗ್ಯಾಸ್ ಕೀ ಗಾಡಿ ಹೈ, ಆವಾಜ್ ನಹೀಂ ಕರತಿ" ಎಂದೆ, ಗ್ಯಾಸಿನ ಗಾಡಿ ಸದ್ದು ಮಾಡುವುದೇ ಇಲ್ಲವೆಂಬ ಇಂಜಿನಿಯರಿನ ಗತ್ತಿನಲ್ಲಿ.

ಅವರು ಮಾವನ ಕಾಲುಗಳನ್ನೇ ನೋಡುತ್ತಾ ನಿಂತರು. ಆಮೇಲೆ ಭಂಗಾರ್‌ವಾಲಾನ ಕಡೆ ತಿರುಗಿ, "ಜಾವೋ ಭಾಯಿ, ಚಲತಿ ಹೈ" ಎಂದು, ಗಾಡಿ ಓಡುತ್ತದೆಂದು ಒಪ್ಪಿ ಅವನನ್ನು ಕಳಿಸಿಬಿಟ್ಟರು.

ಅಷ್ಟರಲ್ಲಿ ಮೊಪೆಡ್ ತಿರುಗಿ ಮರೆಯಾಗಿತ್ತು. ಕಟ್ಟಡದ ಹಿಂದಿನಿಂದ ಅತ್ತೆಯ ಮಾತು ಕೇಳಿಸಿತು.

"ಸಾಕು, ಏದುಸಿರು ಬರ್ತಾ ಉಂಟು ನಿಮಗೆ. ಇಳೀತೇನೆ."

"ಕೂತ್ಕೊ," ಎಂದರು ಮಾವ, "ಇನ್ನೊಂದು ಸುತ್ತು ಹೋಗುವ."