ಹತ್ತು ಲೋಹ, ಹತ್ತು ಕುರಿ

ಬನಹಟ್ಟಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಷ್ಟೂ ವರ್ಷ ನನಗೊಂದು ಚಟವಿತ್ತು: ರಸಾಯನಶಾಸ್ತ್ರ ಹೇಗೆ ಓದಬೇಕು ಎಂದು ಕಂಡಕಂಡವರಿಗೆ ಸಲಹೆ ಕೊಡುವುದು. ಕೊಟ್ಟ ಸಲಹೆ ಸುಮ್ಮನಿರುತ್ತಿರಲಿಲ್ಲ. ಮಕ್ಕಳ ಜೊತೆ ಮನೆಗೆ ಹೋಗಿ, ಅಲ್ಲೊಂದು ಭಾನಗಡಿ ಮಾಡಿ, ಮರುದಿನ ನನ್ನ ಹತ್ತಿರವೇ ವಾಪಸು ಬರುತ್ತಿತ್ತು. ಹೆಚ್ಚಿನವನ್ನು ಮರೆತಿದ್ದೇನೆ. ಚಿಮ್ಮಡದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಯದು ಮಾತ್ರ ಮರೆಯುವಂಥದ್ದಲ್ಲ.

ಕುರಿ ಸಾಕುವ ಮನೆಯವಳು. ನರ್ಸ್ ಆಗುವ ಆಸೆ. ಹತ್ತನೆಯ ತರಗತಿಯ ಅರ್ಧವಾರ್ಷಿಕದಲ್ಲಿ ವಿಜ್ಞಾನದಲ್ಲಿ ಫೇಲಾದಳು. ಕೆಡವಿದ್ದು ನನ್ನ ರಸಾಯನಶಾಸ್ತ್ರವೇ. ಅವಳಪ್ಪ ಶಾಲೆಗೆ ಬಂದು, ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಿ, ನನ್ನೆದುರೇ ತೀರ್ಪು ಕೊಟ್ಟ: “ಪಬ್ಲಿಕ್ ಪರೀಕ್ಷಾದಾಗ ಪಾಸಾದ್ರ ಕಾಲೇಜ. ಇಲ್ಲಂದ್ರ ಕುರಿ ಹಿಂದ.”

ಹುಡುಗಿ ನನ್ನ ಕಡೆ ನೋಡಿದಳು. ನಾನು ಸಲಹೆಗಳ ಗಂಟು ಬಿಚ್ಚಿದೆ.

೧. ಮೂಗು

ಮೊದಲ ಸಲಹೆ: ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡು. ಯಾವ ಅನಿಲವನ್ನೂ ಮೂಗಿಟ್ಟು ಮೂಸಬಾರದು, ದೂರದಿಂದ ಕೈ ಬೀಸಿ ವಾಸನೆಯನ್ನು ಮೂಗಿನತ್ತ ಎಳೆದುಕೊಳ್ಳಬೇಕು ಎಂದು ಆ ವಾರ ಕಲಿಸಿದ್ದೆ. ಅವಳು ಅಂದು ಸಂಜೆ ಅವ್ವನ ಪುಂಡಿಪಲ್ಯದ ಗಡಿಗೆಯ ಮುಂದೆ ಕಣ್ಣು ಮುಚ್ಚಿ ಕೈ ಬೀಸಿದಳು. ಆಮೇಲೆ ಚಹಾದ ಮುಂದೆ. ಆಮೇಲೆ ಸೀಮೆಎಣ್ಣೆ ಡಬ್ಬಿಯ ಮುಂದೆ. ಮಗಳಿಗೆ ಏನೋ ಬಡಿದಿದೆ ಎಂದು ಅವ್ವ ಬೀರಪ್ಪನ ಗುಡಿಗೆ ಎಳೆದೊಯ್ದಳು. ಪೂಜಾರಿ ಹಣೆ ತುಂಬ ಭಂಡಾರ, ಅಂದರೆ ಅರಿಶಿನದ ಪುಡಿ, ಬಳಿದು ಕಳಿಸಿದ.

ಮರುದಿನ ಶಾಲೆಗೆ ಹೊರಡುವಾಗ ಹಣೆಗೆ ಸಾಬೂನು ಹಚ್ಚಿದಳು. ಹಣೆ ಕೆಂಪಾಯಿತು. ಸಾಬೂನಿನಂಥ ಪ್ರತ್ಯಾಮ್ಲ ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂಬ ಪಾಠ ಕನ್ನಡಿಯಲ್ಲೇ ಕಂಡು ಕುಣಿದಳಂತೆ. ಅವ್ವನಿಗೆ ಕಂಡದ್ದು ಮಗಳ ಕೆಂಪು ಹಣೆ ಮತ್ತು ಕುಣಿತ. ಅವತ್ತು ಹುಡುಗಿ ಶಾಲೆಗೆ ಎರಡು ತಾಸು ತಡವಾಗಿ ಬಂದಳು, ಮೊದಲಿನದಕ್ಕಿಂತ ದಪ್ಪ ಭಂಡಾರ ಹಚ್ಚಿಸಿಕೊಂಡು.

೨. ಹಿಂಡು

ಎರಡನೆಯ ಸಲಹೆ: ನೆನಪಿರದಿದ್ದರೆ ನಿನಗೆ ಗೊತ್ತಿರುವುದಕ್ಕೆ ಜೋಡಿಸು. ಲೋಹಗಳ ಕ್ರಿಯಾಶೀಲತಾ ಸರಣಿ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಚುರುಕಾದ ಪೊಟ್ಯಾಶಿಯಂ ಮೊದಲು, ಆಮೇಲೆ ಸೋಡಿಯಂ, ಹೀಗೆ ಇಳಿಯುತ್ತ, ಯಾರ ತಂಟೆಗೂ ಹೋಗದ ಬಂಗಾರ ಕೊನೆಗೆ. ಅವಳು ಮನೆಯ ಹತ್ತು ಕುರಿಗಳಿಗೆ ಆ ಸರಣಿಯ ಮುಖ್ಯ ಹತ್ತು ಲೋಹಗಳ ಹೆಸರಿಟ್ಟಳು. ಬೇಲಿ ತೆಗೆದೊಡನೆ ಎಲ್ಲವನ್ನೂ ಗುಮ್ಮಿ ಮುಂದೆ ಓಡುವ ಟಗರು ಪೊಟ್ಯಾಶಿಯಂ. ಅದರ ಬೆನ್ನಿಗೇ ಹೋಗುವುದು ಸೋಡಿಯಂ. ಎಬ್ಬಿಸಿದರೂ ಏಳದ ಮುದಿ ಕುರಿ ಬಂಗಾರ. ದಿನಾ ಬೆಳಿಗ್ಗೆ ಸರಣಿ ತಾನಾಗಿಯೇ ಹೊರಬೀಳುತ್ತಿತ್ತು. ಅಪ್ಪನ ಬಾಯಲ್ಲೂ ಅವೇ ಹೆಸರು ಕೂತವು.

ಒಂದು ದಿನ ಬಸ್‌ ನಿಲ್ದಾಣದಲ್ಲಿ ಸಿಕ್ಕ ಅಪ್ಪ, ತಮ್ಮ ಸೋಡಿಯಂ ನಿನ್ನೆ ಕಾಲುವೆಗೆ ಬಿದ್ದಿತ್ತು ಎಂದ. ನೀರು ಸೋಕಿದರೆ ಸೋಡಿಯಂ ಉರಿಯುತ್ತದೆ ಎಂದು ವರ್ಷಗಟ್ಟಲೆ ಕಲಿಸಿದ ಹಾಳು ಬಾಯಿ ನನ್ನದು. ಬೆಂಕಿ ಹತ್ತಲಿಲ್ಲವೇ ಎಂದು ಕೇಳಿಬಿಟ್ಟೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬೀರಪ್ಪನ ಗುಡಿಗೆ ಒಮ್ಮೆ ಬಂದುಹೋಗಲು ಹೇಳಿದ.

೩. ಸಂತೆ

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸರಣಿ ಬರೆಯಲು ಕೇಳಿದ್ದೆ. ಹುಡುಗಿ ಸೋಡಿಯಂನಿಂದ ಶುರುಮಾಡಿ ಒಂಬತ್ತೇ ಲೋಹ, ಅವನ್ನೂ ಹಿಂದುಮುಂದಾಗಿ, ಬರೆದಿದ್ದಳು. ಪೊಟ್ಯಾಶಿಯಂ ಎಲ್ಲಿ ಎಂದು ಕರೆದು ಕೇಳಿದೆ.

“ಅದನ್ನ ಅಪ್ಪ ಮಾರಿದಾನ್ರಿ, ಸರ್.”

ಮುಧೋಳದ ಸಂತೆಯಲ್ಲಿ ಹುನ್ನೂರಿನವರೊಬ್ಬರು ಕೊಂಡಿದ್ದರಂತೆ. ಮುಂದೆ ಓಡುವ ಟಗರಿಲ್ಲದೆ ಹಿಂಡಿನ ಸಾಲೇ ಕೆಟ್ಟಿತ್ತು. ಒಮ್ಮೆ ತಾಮ್ರ ಮುಂದೆ, ಒಮ್ಮೆ ಸತು ಮುಂದೆ. ಅವಳ ತಲೆಯಲ್ಲೂ ಅದೇ ಗದ್ದಲ. ಹೇಳುತ್ತ ಹೇಳುತ್ತ ಅತ್ತಳು. ನನಗೆ ನಗು ಬಂದಿತ್ತು, ಆ ಅಳು ನೋಡಿ ನಾಚಿಕೆಯಾಯಿತು. ಸಲಹೆ ಕೊಟ್ಟವ ನಾನು, ಕುರಿ ಹಿಂದೆ ಹೋಗಬೇಕಾದವಳು ಅವಳು.

ಅಪ್ಪನನ್ನು ಕರೆಸಿ, ಹೀಗಾದರೆ ಪಾಸಾಗುವುದು ಕಷ್ಟ ಎಂದೆ. ಅವನು, ಟಗರು ಇರುವುದೇ ಮಾರಲಿಕ್ಕೆ, ಪುಸ್ತಕ ಬರೆದವರು ಮಾರದಂಥದ್ದನ್ನು ನೋಡಿ ಬರೆಯಬೇಕಿತ್ತು ಎಂದು ಹೇಳಿ ಎದ್ದುಹೋದ.

೪. ರಸ್ತೆ

ವಿಜ್ಞಾನ ಪರೀಕ್ಷೆಯ ದಿನ ವಿಜ್ಞಾನ ಕಲಿಸುವವರಿಗೆ ಕೇಂದ್ರದೊಳಗೆ ಪ್ರವೇಶವಿಲ್ಲ. ನಾನು ಕೇಂದ್ರ ಕಾಣುವಷ್ಟು ದೂರದ ಚಹಾದಂಗಡಿಯಲ್ಲಿ ಉಗುರು ಕಡಿಯುತ್ತ ಕುಳಿತಿದ್ದೆ. ಅಷ್ಟರಲ್ಲಿ ಪರೀಕ್ಷಾ ಕೋಣೆಯ ಕಿಟಕಿಗೆ ಎದುರಾದ ರಸ್ತೆಯಲ್ಲಿ ಹತ್ತು ಕುರಿ ಬಂದವು, ಕೊರಳಿಗೆ ಹಗ್ಗ ಹಾಕಿ ಒಂದರ ಹಿಂದೆ ಒಂದು ಕಟ್ಟಿದಂಥವು. ಪಕ್ಕದಲ್ಲಿ ಕಂಬಳಿ ಹೊತ್ತ ಆ ಅಪ್ಪ. ಹುನ್ನೂರಿಗೆ ಹೋಗಿ, ಕೊಂಡವರ ಕಾಲು ಹಿಡಿದು, ಪೊಟ್ಯಾಶಿಯಂನನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದನಂತೆ. ಸಾಲು ಯಾಕೋ ಬಹಳ ನಿಧಾನವಾಗಿ ಸಾಗುತ್ತಿತ್ತು. ಆ ತುದಿಗೆ ಹೋಗಿ, ತಿರುಗಿಸಿಕೊಂಡು ಮತ್ತೆ ಕಿಟಕಿಯ ಮುಂದೆ ಹಾದ. ಮತ್ತೆ ತಿರುಗಿಸಿದ.

ಪೊಲೀಸಿನವನು ಬಂದು ಏನು ನಡೆಸಿದ್ದೀ ಎಂದು ಕೇಳಿದ. ಮೇಯಿಸುತ್ತಿದ್ದೇನೆ ಎಂದ. ಡಾಂಬರಿನ ಮೇಲೆ ಎಂಥ ಮೇವು ಎಂದರೆ ಸಾಲನ್ನು ಇನ್ನೊಮ್ಮೆ ತಿರುಗಿಸಿದ. ಅದೇ ಹೊತ್ತಿಗೆ ನಕಲು ಹಿಡಿಯುವ ಸ್ಕ್ವಾಡಿನ ಜೀಪು ಬಂದು, ಕುರಿಗಳಿಗೆ ದಾರಿ ಬಿಟ್ಟು ನಿಂತಿತು. ಒಳಗಿದ್ದ ಸಾಹೇಬರು, ನಕಲು ತಮ್ಮ ಕಣ್ಣ ಮುಂದೆಯೇ ನಾಲ್ಕು ಕಾಲಲ್ಲಿ ದಾಟುತ್ತಿರುವುದು ತಿಳಿಯದೆ ಹಾರ್ನ್ ಹೊಡೆಸುತ್ತಿದ್ದರು.

ಹುಡುಗಿ ಪಾಸಾದಳು. ಅಪ್ಪ, ಮಗಳು ಫೇಡೆ ಹಿಡಿದು ಶಾಲೆಗೆ ಬಂದಾಗ ನನಗೆ ಕಣ್ಣು ತುಂಬಿ ಬಂತು. ಆದರೂ ಮನಸ್ಸು ತಡೆಯದೆ, ಕುರಿ ನೋಡಿ ಬರೆದೆಯಾ ಎಂದು ಮೆಲ್ಲಗೆ ಕೇಳಿದೆ.

“ನೋಡಿದ್ನಿರಿ, ಸರ್. ಅಪ್ಪ ಬಂಗಾರನ್ನ ಮುಂದ ಕಟ್ಟಿದ್ದ, ಪೊಟ್ಯಾಶಿಯಂನ ಹಿಂದ. ಪೂರಾ ಉಲ್ಟಾ. ನೋಡಿ ಸಿಟ್ಟ ಬಂತು. ಸಿಟ್ಟಿನ್ಯಾಗ ಖರೆ ಸರಣಿ ತಾನ ನೆನಪಾತ್ರಿ.”

ಇಷ್ಟು ಕಷ್ಟಪಟ್ಟ ಅಪ್ಪನಿಗೆ ಈ ಮಾತು ಬಹಳ ನಾಟಿತು. ಫೇಡೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದ.

“ನೀವ ಹೇಳ್ರಿ, ಮಾಸ್ತರ. ಬಂಗಾರನ್ನ ಯಾರರೆ ಹಿಂದ ಬಿಡ್ತಾರೇನ್ರಿ?”