ಚಕ್ರವರ್ತಿಗೆ ಬೀಟ್‌ರೂಟ್ ಸಾರು

ರಷ್ಯಾದ ಕೊನೆಯ ಚಕ್ರವರ್ತಿ ಹೆಂಡತಿ ಮಕ್ಕಳ ಸಮೇತ ವರ್ಷಕ್ಕೊಮ್ಮೆ ವಾಲ್ನಟ್ ಕ್ರೀಕ್ ಎಂಬ ಊರಿನ ನಮ್ಮ ಸೋದರತ್ತೆಯ ಮನೆಗೆ ಊಟಕ್ಕೆ ಬರುತ್ತಾನೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಎಲೆ ಹಾಕುವವನು ನಾನೇ!

ಅತ್ತೆ ಈ ದೇಶಕ್ಕೆ ಬಂದ ಹೊಸತರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆಗಿದ್ದರು. ಕೆಳಗಿನ ಮನೆಯ ರಷ್ಯನ್ ಅಜ್ಜಿ ಸಾಯುವ ಮುನ್ನ ಒಂದು ದೊಡ್ಡ ಫೋಟೋ ಕೊಟ್ಟು, ನಾನು ಹೋದ ಮೇಲೆ ಇವರಿಗೆ ದೀಪ ಹಚ್ಚುವವರಿಲ್ಲ ಎಂದಳಂತೆ. ಗಡ್ಡದ ಅಪ್ಪ, ಹುಬ್ಬು ಗಂಟಿಕ್ಕಿದ ಅಮ್ಮ, ಬಿಳಿ ಫ್ರಾಕಿನ ನಾಲ್ವರು ಹುಡುಗಿಯರು, ನಾವಿಕನ ಅಂಗಿ ತೊಟ್ಟ ಹುಡುಗ. ಇದೇ ಆ ಚಕ್ರವರ್ತಿಯ ಸಂಸಾರ; ಕ್ರಾಂತಿಯಲ್ಲಿ ಏಳೂ ಜನರನ್ನು ಒಂದೇ ಕೋಣೆಯಲ್ಲಿ ಗುಂಡಿಕ್ಕಿ ಕೊಂದದ್ದು. ಬೇರೆಯವರಾದರೆ ಫೋಟೋವನ್ನು ಗರಾಜಿಗೆ ಹಾಕುತ್ತಿದ್ದರು. ಅತ್ತೆ ಕುಂಕುಮವಿಟ್ಟು ನಮ್ಮ ಅಜ್ಜ ಅಜ್ಜಿಯರ ಪಕ್ಕ ತೂಗುಹಾಕಿದರು.

ಕನ್ನಡ ಕೂಟದ ಹೆಂಗಸೊಬ್ಬರು ನೋಡಿ ಕಣ್ಣರಳಿಸಿದರು. “ಯಾರು ಆಂಟಿ, ನಿಮ್ಮ ಬೀಗರಾ?”

“ಮಕ್ಕಳೇ ಇಲ್ಲದೋಳಿಗೆ ಎಲ್ಲೀ ಬೀಗರಮ್ಮ? ಇವರಿಗೂ ಯಾರೂ ಉಳೀಲಿಲ್ಲ. ಅದಕ್ಕೇ ಹೊಂದ್ಕೊಂಡಿದ್ದೀವಿ.”

ಈ ಸಲದ ಮಹಾಲಯ ಅಮಾವಾಸ್ಯೆಗೆ ಅತ್ತೆ ಕುರ್ಚಿ ಬಿಟ್ಟು ಏಳಲಾರದಷ್ಟು ಇಳಿದುಹೋಗಿದ್ದರು. ಕ್ಯಾನ್ಸರು. ಮುಂದಿನ ಅಮಾವಾಸ್ಯೆಯ ಮಾತನ್ನು ಡಾಕ್ಟರು ಎತ್ತಲೇ ಇಲ್ಲ. ಟೈರು ಸಿಡಿದೀತೆಂದು ಫ್ರೀವೇಯಲ್ಲಿ ಬಲಗಡೆಯ ನಿಧಾನದ ಲೇನು ಬಿಡದ ನಾನು, ಹಾಗೇ ತೆವಳುತ್ತ ಬಂದು ಒಲೆಯ ಮುಂದೆ ನಿಂತೆ.

“ಅತ್ತೆ, ಸತ್ತೋರಿಗೆ ಇಷ್ಟವಾದದ್ದೇ ಇಡಬೇಕಲ್ವಾ? ಅವರಿಗೆ ವೋಡ್ಕಾ…”

“ಮಕ್ಕಳ ಎದುರಿಗಾ? ನಾಚಿಕೆ ಇಲ್ವೇನೋ? ಅವರ ಕಡೆ ಬೀಟ್‌ರೂಟ್ ಸಾರು ಮಾಡ್ತಾರೆ. ಕಾಯಿ ರುಬ್ಬಿ ಹಾಕು.”

“ಅವರು ಕಾಯಿ ಹಾಕ್ತಾರಾ?”

“ನಮ್ಮನೇಗೆ ಬಂದ್ಮೇಲೆ ನಮ್ಮನೇ ಸಾರು!”

ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗಿರುವುದು ನಮ್ಮ ಕಡೆಯ ಪದ್ಧತಿ. ಪ್ರತಿ ವರ್ಷ ಆ ಹೊತ್ತಿಗೆ ನಾನು ಕಾರಿನಲ್ಲಿ ಕೂತು ಆಫೀಸಿನ ಮೀಟಿಂಗಿನಲ್ಲಿರುತ್ತಿದ್ದೆ. ಬಾಗಿಲು ಅತ್ತೆಯ ಕೆಲಸ. ಈ ಸಲ ನಾನೇ ಮುಚ್ಚಿದೆ. ಸಾಲದೆಂದು, ಸ್ಮೋಕ್ ಅಲಾರಮ್ಮಿನ ಭಯಕ್ಕೆ ಸಂದಿಗೆ ಟವೆಲನ್ನೂ ತುರುಕಿದೆ.

“ತೆಗಿಯೋ ಬಾಗಿಲು!”

ಗೋಡೆ ಹಿಡಿದು ಅತ್ತೆ ಎದ್ದು ಬಂದಿದ್ದರು. “ಆ ಮಕ್ಕಳನ್ನ ಕೋಣೇಲಿ ಕೂಡಿಹಾಕಿಯೇ ಕೊಂದಿದ್ದು ಕಣೋ. ಇವರಿಗೆ ಬಾಗಿಲು ಹಾಕಬಾರದು.”

ತೆಗೆದೆ. ಹೊಗೆ ನುಗ್ಗಿತು, ಅಲಾರಮ್ಮು ಬಡಿದುಕೊಂಡಿತು, ನಾನು ಟವೆಲು ಬೀಸುತ್ತ ಕುಣಿದೆ. ಅತ್ತೆ ನಕ್ಕರು. ನಕ್ಕು ನಕ್ಕು ಸುಸ್ತಾಗಿ ಅಲ್ಲೇ ನೆಲದ ಮೇಲೆ ಕೂತರು.

“ಮುಂದಿನ ವರ್ಷದಿಂದ ಇವರನ್ನ ನಿನ್ನ ಮನೆಗೆ ಕರ್ಕೊಂಡು ಹೋಗ್ತೀಯೇನೋ?”

ಕೊಲೆಯಾದವರನ್ನು ಮನೆಯಲ್ಲಿಡಬಹುದೇ? ಹೆಂಡತಿ ಏನೆನ್ನುತ್ತಾಳೆ? ಅಪಾರ್ಟ್‌ಮೆಂಟಿನ ಗೋಡೆ ಇಷ್ಟು ಭಾರ ತಡೆದೀತೇ? ಹೂಂ ಎಂದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ.

“ಮತ್ತೆ ನಿಮ್ಮ ಎಡೆ, ಅತ್ತೆ?”

“ನಂದೇನೋ? ನೀನಿದ್ದೀಯಲ್ಲ. ಅದರ ಯೋಚನೆ ನಾನು ಯಾವತ್ತೂ ಮಾಡಿಲ್ಲ.”

ಎಲ್ಲದಕ್ಕೂ ಹೆದರುವವನು ನಾನು. ನನ್ನನ್ನು ನಂಬಿಕೊಂಡು ಒಬ್ಬರು ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ.